ಕಲ್ಲು ಕಮಾನು ಸೇತುವೆಯ ಸಂದಿಗೆ ಯಾವ ಸುಣ್ಣ? ಬೆಂಗಳೂರಿನಲ್ಲಿ ಸಿಗುವ ನಾಲ್ಕು ಬಗೆಯ ವಿಮರ್ಶೆ

ಚೀಲದ ಮೇಲೆ ಅಚ್ಚಾದ ಬಲದ ಅಂಕಿ ನೋಡಿ ಸುಣ್ಣ ಕೊಂಡರೆ ಹಳೆಯ ಕಲ್ಲು ಸೇತುವೆಗೆ ತಪ್ಪು ಮಾಲೇ ಬಂದು ಬೀಳುತ್ತದೆ. ಅಂಗಡಿಯವರು ಮೊದಲು ಹೇಳುವುದು ಆ ಅಂಕಿ, ಟೆಂಡರ್ ಬರೆಯುವವರು ಕೇಳುವುದೂ ಅದೇ. ಆದರೆ ಕಮಾನಿನಲ್ಲಿ ಭಾರ ಹೊರುವುದು ಕಲ್ಲು, ಗಾರೆಯಲ್ಲ. ಒಂದು ಕಲ್ಲು ಇನ್ನೊಂದನ್ನು ಒತ್ತಿಕೊಂಡು ನಿಂತಿರುತ್ತದೆ. ನಡುವಿನ ಗಾರೆ ಆ ಒತ್ತಡವನ್ನು ಸಮನಾಗಿ ಹಂಚಬೇಕು, ರೈಲು ಹಾದಾಗ ಕೂದಲೆಳೆಯಷ್ಟು ಅಲುಗಿ ಮತ್ತೆ ಕೂರಬೇಕು, ಒಳಗೆ ಇಳಿದ ನೀರನ್ನು ಹೊರಗೆ ಬಿಡಬೇಕು. ಈ ಮೂರರಲ್ಲಿ ಒಂದನ್ನೂ ಆ ಅಂಕಿ ಅಳೆಯುವುದಿಲ್ಲ.

ಇಂಗ್ಲೆಂಡಿನ ಡಾರ್ಲಿಂಗ್ಟನ್‌ನಲ್ಲಿರುವ ಸ್ಕರ್ನ್ ಸೇತುವೆಯನ್ನು ನೋಡಿ. ಇಗ್ನೇಷಿಯಸ್ ಬೊನೋಮಿ ರೂಪಿಸಿದ ಕಲ್ಲು ಸೇತುವೆ ಅದು. 1824ರ ಜುಲೈಯಲ್ಲಿ ಅಡಿಗಲ್ಲು ಬಿತ್ತು, 1825ರ ಸೆಪ್ಟೆಂಬರ್ 27ರಂದು ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿಯ ಮೊದಲ ಗಾಡಿ ಅದರ ಮೇಲೆ ಹೋಯಿತು, ಇವತ್ತಿಗೂ ರೈಲು ಓಡುತ್ತಿದೆ. ಜೋಸೆಫ್ ಆಸ್ಪ್‌ಡಿನ್‌ಗೆ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ ಸಿಕ್ಕಿದ್ದು ಅಡಿಗಲ್ಲು ಬಿದ್ದ ಮೂರು ತಿಂಗಳ ಮೇಲೆ, 1824ರ ಅಕ್ಟೋಬರಿನಲ್ಲಿ. ಇನ್ನೂರು ವರ್ಷ ನಿಂತಿರುವ ಆ ಕಮಾನು ಸಿಮೆಂಟಿನ ಹಂಗಿಲ್ಲದೆ ಹುಟ್ಟಿದ್ದು. ಅಲ್ಲಿ ತೊಂದರೆ ಕೊಟ್ಟಿದ್ದೂ ಕಮಾನಲ್ಲ. ನೆಲ ಗಟ್ಟಿಯಿಲ್ಲದ್ದರಿಂದ 1829ರಲ್ಲಿ ಎರಡೂ ಪಕ್ಕ ಬಿಲ್ಲಿನಂತೆ ಬಾಗಿದ ಆಸರೆ ಗೋಡೆಗಳನ್ನು ಕಟ್ಟಬೇಕಾಯಿತು. ನಮ್ಮ ಕಡೆಯ ಕಲ್ಲು ಸೇತುವೆಗಳಲ್ಲೂ ಮೊದಲು ಹೊಟ್ಟೆ ಬಿಡುವುದು ಪಕ್ಕದ ಗೋಡೆಯೇ. ಹಿಂದೆ ತುಂಬಿದ ಮಣ್ಣು ನೀರು ಕುಡಿದು ನೂಕುತ್ತದೆ.

ಆದರೆ ಅಲ್ಲಿನ ಗಾರೆಯ ಪಾಕವನ್ನು ಇಲ್ಲಿಗೆ ಹಾಗೇ ಇಳಿಸಬಾರದು. ಈ ವಿಮರ್ಶೆಯ ಮುಖ್ಯ ಮಾತೇ ಇದು. ಅಲ್ಲಿನದು ಮರಳುಗಲ್ಲು, ನೀರು ಕುಡಿಯುವ ಕಲ್ಲು. ಅದರ ಸಂದಿಗೆ ಸಿಮೆಂಟು ಮೆತ್ತಿದರೆ ತೇವ ಕಲ್ಲಿನ ಮೈಯಿಂದ ಹೊರಬೀಳುತ್ತದೆ, ಜೊತೆಗೆ ಬಂದ ಉಪ್ಪು ಕಲ್ಲನ್ನೇ ಪದರು ಪದರಾಗಿ ಉದುರಿಸುತ್ತದೆ. ನಮ್ಮದು ಲಾಲ್‌ಬಾಗ್ ಬಂಡೆಯ ಜಾತಿಯ ಕಲ್ಲು, ಗ್ರಾನೈಟು ಮತ್ತು ನೈಸ್ ಎಂಬ ಪಟ್ಟೆಗಲ್ಲು. ಇದು ಉದುರುವುದಿಲ್ಲ. ಹಾಗಾಗಿ 'ಬೆಂಗಳೂರು ಕಲ್ಲಿಗೆ ಸಿಮೆಂಟಿನಿಂದ ಏನೂ ಆಗಲ್ಲ' ಎಂದು ಮೇಸ್ತ್ರಿಗಳು ಧೈರ್ಯ ಹೇಳುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ, ಸೇತುವೆಗೆ ಆಗುತ್ತದೆ. ಗ್ರಾನೈಟು ನೀರು ಕುಡಿಯುವುದಿಲ್ಲವಾದ್ದರಿಂದ ಒಳಗಿನ ಮಣ್ಣಿಗೆ ಇಳಿದ ಮಳೆನೀರಿಗೆ ಹೊರಬರಲು ಇರುವುದು ಸಂದುಗಳು ಮತ್ತು ನೀರುತೂತುಗಳು ಮಾತ್ರ. ಸಂದನ್ನು ಸಿಮೆಂಟಿನಿಂದ ಬಿಗಿದರೆ ನೀರು ಗೋಡೆಯ ಹಿಂದೆ ನಿಲ್ಲುತ್ತದೆ. ಮರಳುಗಲ್ಲಿನ ಸೇತುವೆಗಿಂತ ಗ್ರಾನೈಟಿನ ಸೇತುವೆಗೇ ಸುಣ್ಣದ ಸಂದು ಹೆಚ್ಚು ಬೇಕು.

ಬೆಂಗಳೂರಿಗೆ ಜೋಲಾರ್‌ಪೇಟೆ ಕಡೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದದ್ದು 1864ರಲ್ಲಿ. ಮೈಸೂರು ದಾರಿ 1881–82ರಲ್ಲಿ ಆಯಿತು, ಚಿಕ್ಕಬಳ್ಳಾಪುರದ ನ್ಯಾರೋಗೇಜ್ 1915ರಲ್ಲಿ. ಆ ದಾರಿಗಳ ಕಾಲದ ಕಲ್ಲುಕಟ್ಟಡ, ಮೋರಿ, ಸಣ್ಣ ಕಮಾನು ಯಾವುದನ್ನು ಉಳಿಸಿಕೊಳ್ಳಲು ಹೊರಟರೂ ಇಲ್ಲಿ ಹೇಳಿರುವುದು ಹೊಂದುತ್ತದೆ. ಹಳೆ ಬಂಗಲೆಯ ಸೈಜುಗಲ್ಲಿನ ಗೋಡೆ, ಕಲ್ಲುಕಟ್ಟಿನ ಬಾವಿಗೂ ಹೊಂದುತ್ತದೆ. ಕಂಪನಿಗಳ ಹೆಸರು ಕೊಟ್ಟಿಲ್ಲ. ಇಲ್ಲಿ ತೂಗಿರುವುದು ಸುಣ್ಣದ ಜಾತಿಯನ್ನು.

ಸಿಗುವ ಬಗೆ ನಾಲ್ಕು: ತೊಟ್ಟಿಯಲ್ಲಿ ಹಣ್ಣಾದ ಸುಣ್ಣದ ಮುದ್ದೆ, ನೀರು ಕೂಡಿಸಿ ಅರಳಿಸಿ ಚೀಲ ತುಂಬಿದ ಪುಡಿಸುಣ್ಣ, ಹೊರದೇಶದಿಂದ ಬರುವ, ನೀರಿನಲ್ಲೂ ಬಿಗಿಯುವ ನ್ಯಾಚುರಲ್ ಹೈಡ್ರಾಲಿಕ್ ಲೈಮ್ ಅಂದರೆ ಎನ್‌ಎಚ್‌ಎಲ್ 3.5, ಮತ್ತು 'ಲೈಮ್ ಪಾಯಿಂಟಿಂಗ್' ಎಂಬ ಚೀಟಿ ಹಚ್ಚಿಕೊಂಡ ಸಿದ್ಧ ಮಿಶ್ರಣ. ಕಾಯಲು ವ್ಯವಧಾನವಿಲ್ಲದವರಿಗೆ ತೀರ್ಪು ಮೊದಲೇ: ಪಕ್ಕದ ಗೋಡೆಯ ಸಂದಿಗೆ ಮುದ್ದೆ ಮತ್ತು ಸುರ್ಕಿ (ಇಟ್ಟಿಗೆಯ ಪುಡಿ), ಕಮಾನಿನ ಹೊಟ್ಟೆಗೂ (ಕೆಳಮೈ) ನೀರು ತಾಗುವ ಬುಡಕ್ಕೂ ಎನ್‌ಎಚ್‌ಎಲ್ 3.5, ಪುಡಿಸುಣ್ಣ ಪರೀಕ್ಷೆ ಗೆದ್ದರೆ ಮಾತ್ರ, ಸಿದ್ಧ ಮಿಶ್ರಣ ಬೇಡ.

ಸುಣ್ಣದ ಮುದ್ದೆ

ನಾಲ್ಕರಲ್ಲಿ ಕೈಗೆ ಹಿತವಾದದ್ದು ಇದೇ. ಒಳ್ಳೆಯ ಮುದ್ದೆ ಕರಣೆಯಲ್ಲಿ ಎತ್ತಿದರೆ ಬೆಣ್ಣೆಯ ಹಾಗೆ ನಿಲ್ಲುತ್ತದೆ, ಅಂಚು ಚೂಪಾಗಿ ಕತ್ತರಿಸುತ್ತದೆ, ಬೆರಳ ನಡುವೆ ಉಜ್ಜಿದರೆ ಒಂದು ಕಣವೂ ಸಿಗುವುದಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದಾಗ ಮೇಲೆ ತಿಳಿನೀರು ನಿಂತಿರಬೇಕು. ಒಣಗಿ ಬಿರುಕುಬಿಟ್ಟ ಮೇಲ್ಪದರ ಕಂಡರೆ ಆ ಡ್ರಮ್ಮು ಬೇಡ, ಅದು ಗಾಳಿ ಕುಡಿದು ಆಗಲೇ ಸುಣ್ಣಕಲ್ಲಾಗತೊಡಗಿದೆ. ಒಂದು ಲೀಟರ್ ಜಗ್ ಒಯ್ದು ತೂಕ ಹಾಕಿ ನೋಡಿ. ಸುಮಾರು 1.35ರಿಂದ 1.45 ಕೆ.ಜಿ. ಬಂದರೆ ಸರಿ. ತೀರ ಕಡಿಮೆ ಬಂದರೆ ನೀರಿಗೆ ದುಡ್ಡು ಕೊಟ್ಟಂತೆ, ತೀರ ಹೆಚ್ಚು ಬಂದರೆ ಸುಡದ ಕಲ್ಲಿನ ಪುಡಿ ಸೇರಿದೆ.

ಮುಖ್ಯವಾಗಿ ಕೇಳಬೇಕಾದದ್ದು ಅರಳಿಸಿ ಎಷ್ಟು ದಿನವಾಯಿತು ಎಂದು. ಮೂರು ವಾರ ಕನಿಷ್ಠ, ಮೂರು ತಿಂಗಳಾಗಿದ್ದರೆ ಒಳ್ಳೆಯದು. ಅವಸರದಲ್ಲಿ ತಂದ ಮುದ್ದೆಯಲ್ಲಿ ಅರಳದ ಹರಳುಗಳು ಉಳಿದಿರುತ್ತವೆ. ಸಂದಿಗೆ ತುಂಬಿದ ಮೇಲೆ ಅವು ತೇವ ಹೀರಿ ಅರಳಿ, ಗಾರೆಯನ್ನು ಒಳಗಿಂದ ಸಿಡಿಸುತ್ತವೆ. ಕಾಳಿನಷ್ಟು ಗುಳಿ, ಅದರ ತಳದಲ್ಲಿ ಬಿಳಿ ಚುಕ್ಕಿ ಕಂಡರೆ ಕಾರಣ ಇದೇ.

ಸುಟ್ಟ ಸುಣ್ಣದ ಕಲ್ಲು ತಂದು ನೀವೇ ಅರಳಿಸುವುದು ಕಷ್ಟವಲ್ಲ, ಆದರೆ ಅಪಾಯದ ಕೆಲಸ. ಕಬ್ಬಿಣದ ಡ್ರಮ್ಮೇ ಬೇಕು, ಪ್ಲಾಸ್ಟಿಕ್ ಕರಗುತ್ತದೆ. ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಉದ್ದನೆ ಕೋಲಿನಿಂದ ಕದಡುತ್ತಿರಬೇಕು. ಕನ್ನಡಕ, ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದವರು ಹತ್ತಿರ ನಿಲ್ಲಬಾರದು. ಕಣ್ಣಿಗೆ ಬಿದ್ದರೆ ತಕ್ಷಣ ಶುದ್ಧ ನೀರಿನಲ್ಲಿ ಕಾಲು ಗಂಟೆ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು, ಎಣ್ಣೆ ಹಾಕುವುದೆಲ್ಲ ಬೇಡ. ಕುದಿ ನಿಂತ ಮೇಲೆ 2 ಮಿ.ಮೀ. ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಬೇಕು. ಅಪ್ಪಟ ಸುಟ್ಟ ಸುಣ್ಣ 56 ಕೆ.ಜಿ. 18 ಕೆ.ಜಿ. ನೀರು ಹಿಡಿದು 74 ಕೆ.ಜಿ. ಅರಳಿದ ಸುಣ್ಣವಾಗುತ್ತದೆ. ಮುದ್ದೆಯಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುವುದರಿಂದ 10 ಕೆ.ಜಿ. ಕಲ್ಲಿಗೆ 18–20 ಲೀಟರ್ ಮುದ್ದೆ ಸಿಗುತ್ತದೆ. ಇದಕ್ಕಿಂತ ಬಹಳ ಕಡಿಮೆ ಬಂದು ಜರಡಿಯಲ್ಲಿ ಕಲ್ಲುಚೂರು ಹೆಚ್ಚು ಉಳಿದರೆ ಗೂಡಿನಲ್ಲಿ ಸರಿಯಾಗಿ ಬೆಂದಿಲ್ಲ ಎಂದೇ ಅರ್ಥ. ಮುಂದಿನ ಬಾರಿ ಬೇರೆ ಕಡೆ ಕೊಳ್ಳಿ.

ಈಗ ಮುದ್ದೆಯ ದೌರ್ಬಲ್ಯ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಯೇ ಗಟ್ಟಿಯಾಗಬೇಕು, ಅದೂ ತಿಂಗಳಿಗೆ ಹೆಚ್ಚೆಂದರೆ ಒಂದೆರಡು ಮಿಲಿಮೀಟರಿನಂತೆ. ಇಟ್ಟಿಗೆಯೋ ಮರಳುಗಲ್ಲೋ ಆದರೆ ಗಾರೆಯ ಹೆಚ್ಚುವರಿ ನೀರನ್ನು ಎಳೆದುಕೊಂಡು ಅದನ್ನು ಬೇಗ ಬಿಗಿಯುವಂತೆ ಮಾಡುತ್ತವೆ. ಗ್ರಾನೈಟು ಒಂದು ತೊಟ್ಟೂ ಎಳೆಯುವುದಿಲ್ಲ. ಎರಡು ಇಂಚು ಆಳದ ಸಂದಿಗೆ ಬರೀ ಮುದ್ದೆ ಮತ್ತು ಮರಳು ತುಂಬಿದರೆ ಹೊರಗೆ ಚಿಪ್ಪು ಗಟ್ಟಿ, ಒಳಗೆ ತಿಂಗಳುಗಟ್ಟಲೆ ಮೆತ್ತಗೆ. ಮೊದಲ ಜೋರು ಮಳೆಗೆ ಒಳಗಿನದು ಹಾಲಿನಂತೆ ಇಳಿದು ಕಲ್ಲಿನ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಬೆಂಗಳೂರಿನಲ್ಲಿ 'ಸುಣ್ಣ ನಿಲ್ಲಲ್ಲ' ಎಂಬ ಮಾತು ಹುಟ್ಟಿದ್ದರೆ ಇಂಥ ಸಂದುಗಳಿಂದ. ತಪ್ಪು ಸುಣ್ಣದ್ದಲ್ಲ, ಸುರ್ಕಿ ಬಿಟ್ಟವರದ್ದು.

ಸುರ್ಕಿ ಎಂದರೆ ಹದವಾಗಿ ಬೆಂದ ಇಟ್ಟಿಗೆಯ ನುಣುಪು ಪುಡಿ. ಸುಣ್ಣದೊಡನೆ ಸೇರಿದಾಗ ಅದರ ಸಿಲಿಕಾ ಮತ್ತು ಅಲ್ಯೂಮಿನಾ ಕೂಡಿಕೊಂಡು ಗಾಳಿ ತಾಗದ ಆಳದಲ್ಲೂ, ನೀರಿನ ಒಳಗೂ ಗಟ್ಟಿಯಾಗುತ್ತವೆ. ಇದನ್ನು ನಂಬದವರಿಗೆ ತೋರಿಸಲು ದೂರ ಹೋಗಬೇಕಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಲ್ಲಿ, ಸಿಮೆಂಟಿನಲ್ಲಲ್ಲ. ಒಂದು ಕಡೆ ಕಾವೇರಿ ಪೂರಾ ಒತ್ತಿಕೊಂಡು ನಿಂತಿದ್ದರೂ ಆ ಗಾರೆ ಹಿಡಿದುಕೊಂಡಿದೆ.

ಆದರೆ ಇಟ್ಟಿಗೆಯ ಪುಡಿಯೆಲ್ಲ ಸುರ್ಕಿಯಲ್ಲ. ಮಿತಿಮೀರಿ ಸುಟ್ಟು ಕಪ್ಪಾದ, ಬಡಿದರೆ ಗಂಟೆಯಂತೆ ಕೇಳುವ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡುವುದಿಲ್ಲ, ಬರೀ ಕೆಂಪು ಮರಳಾಗಿ ಉಳಿಯುತ್ತದೆ. ಕಟ್ಟಡ ಒಡೆದ ಇಟ್ಟಿಗೆಯಲ್ಲಿ ಹಳೆ ಸಿಮೆಂಟು ಅಂಟಿರುತ್ತದೆ, ಅದೂ ಬೇಡ. ಕಡಿಮೆ ಉರಿಯಲ್ಲಿ ಬೆಂದ, ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆಯೇ ಸರಿ. ಸುರ್ಕಿಗೆ ಐಎಸ್ 1344 ಎಂಬ ಭಾರತೀಯ ಮಾನದಂಡವಿದೆ, ಪರೀಕ್ಷಾ ಪತ್ರ ಇದ್ದರೆ ಕೇಳಿ. ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು: ಸಮಪಾಲು ಮುದ್ದೆ ಮತ್ತು ಸುರ್ಕಿ ಕಲಸಿ ನಿಂಬೆ ಗಾತ್ರದ ಉಂಡೆ ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಡಬ್ಬಿಯಲ್ಲಿ ಎರಡು ವಾರ ಇಡಿ. ಆಮೇಲೆ ನೀರಿಗೆ ಹಾಕಿ ಒಂದು ದಿನ ಬಿಡಿ. ಉಂಡೆ ಉಂಡೆಯಾಗೇ ಉಳಿದರೆ ಸುರ್ಕಿ ಜೀವಂತ. ಕದಡಿ ಕೆಸರಾದರೆ ಆ ಪುಡಿಯನ್ನು ತುಳಸಿಕಟ್ಟೆಯ ಮಣ್ಣಿಗೆ ಸುರಿಯಬಹುದು, ಸೇತುವೆಗಲ್ಲ.

ಪಾಲು: ಮುದ್ದೆ 1, ಸುರ್ಕಿ 1, ಮರಳು 2. ಬಣ್ಣ ತುಸು ನಸುಗೆಂಪು ಬರುತ್ತದೆ. ಬೇಡವೆನ್ನುವ ಮೊದಲು ಸಂದಿನ ಆಳದಿಂದ ಹಳೆ ಗಾರೆಯ ಒಂದು ಚೂರು ಒಡೆದು ನೋಡಿ. ಒಳಗೆ ಕೆಂಪು ಕಣ ಕಂಡರೆ ಮೊದಲು ಕಟ್ಟಿದವರೂ ಸುರ್ಕಿ ಹಾಕಿದ್ದಾರೆ, ವಾದವೇ ಉಳಿಯುವುದಿಲ್ಲ. ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಹಾಕುವ ಪದ್ಧತಿ ಒಳಗೋಡೆಯ ನುಣುಪು ಗಾರೆಗೆ ಚೆಂದ. ಸೇತುವೆಯ ಸಂದಿಗೆ ಅಗತ್ಯವಿಲ್ಲ. ಅಳತೆ ತಪ್ಪಿದ ಬೆಲ್ಲ ಗಾರೆ ಬಿಗಿಯುವುದನ್ನು ತಡಮಾಡುತ್ತದೆ, ಇರುವೆಯನ್ನೂ ಕರೆಯುತ್ತದೆ.

ಚೀಲದ ಪುಡಿಸುಣ್ಣ

ಅಗ್ಗ, ಎಲ್ಲ ಕಡೆ ಸಿಗುತ್ತದೆ, ಇದೇ ಅದರ ಗುಣ. ಗೋದಾಮಿನಲ್ಲಿ ಕೂತಷ್ಟೂ ಗಾಳಿ ಕುಡಿದು ಸಾಯುತ್ತದೆ, ಇದೇ ದೋಷ. ಹೊರಗೆ ನೋಡಿದರೆ ತಿಳಿಯುವುದಿಲ್ಲ, ಸತ್ತ ಸುಣ್ಣವೂ ಬೆಳ್ಳಗೇ ಇರುತ್ತದೆ. ಒಂದು ಚಮಚ ಪುಡಿಯ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ನಾಲ್ಕು ಹನಿ ಬಿಡಿ. ತುಸು ನೊರೆ ಎಲ್ಲದರಲ್ಲೂ ಬರುತ್ತದೆ. ಸೋಡದ ಹಾಗೆ ಉಕ್ಕಿದರೆ ಅದರಲ್ಲಿ ಹೆಚ್ಚಿನದು ಆಗಲೇ ಸುಣ್ಣಕಲ್ಲಿಗೆ ಮರಳಿದೆ.

ಐಎಸ್ 712 ಸುಣ್ಣವನ್ನು ಎ ಇಂದ ಎಫ್‌ವರೆಗೆ ವಿಂಗಡಿಸುತ್ತದೆ. ಎ ನೀರಿನಲ್ಲೂ ಚೆನ್ನಾಗಿ ಬಿಗಿಯುವುದು, ಬಿ ಅರೆಬರೆ, ಸಿ ನೀರಿನಲ್ಲಿ ಬಿಗಿಯದ ಕೊಬ್ಬು ಸುಣ್ಣ. ಐಎಸ್ 1624ರಲ್ಲಿರುವ ಉಂಡೆ ಪರೀಕ್ಷೆ ಯಾರಾದರೂ ಮಾಡಬಹುದು. ಗಟ್ಟಿಯಾಗಿ ಕಲಸಿದ ನಿಂಬೆ ಗಾತ್ರದ ಉಂಡೆಯನ್ನು ಆರು ಗಂಟೆ ಅಲುಗದಂತೆ ಬಿಟ್ಟು ನೀರಿಗೆ ಹಾಕಿ. ಕೆಲವೇ ನಿಮಿಷಕ್ಕೆ ಕದಡಿದರೆ ಸಿ, ಸ್ವಲ್ಪ ಉಬ್ಬಿ ಬಿರುಕುಬಿಟ್ಟರೆ ಬಿ, ಏನೂ ಆಗದಿದ್ದರೆ ಎ. ಸಿ ಆದರೆ ಸುರ್ಕಿ ಕಡ್ಡಾಯ. ಪುಡಿಯನ್ನು ನೇರವಾಗಿ ಮರಳಿಗೆ ಬೆರೆಸಬೇಡಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಮುದ್ದೆ ಮಾಡಿಕೊಳ್ಳಿ. ಗೋಡೆಗೆ ಬಳಿಯಲು ಮಾರುವ ಸುಣ್ಣದಲ್ಲಿ ಅಂಟು, ನೀಲಿ, ಬೇರೆ ಪುಡಿ ಸೇರಿರಬಹುದು. ಅದು ಈ ಕೆಲಸಕ್ಕಲ್ಲ.

ಎನ್‌ಎಚ್‌ಎಲ್ 3.5

ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟು ಮಾಡಿದ, ತಾನಾಗಿ ನೀರಿನಲ್ಲಿ ಬಿಗಿಯುವ ಸುಣ್ಣ. 3.5 ಎಂದರೆ 28 ದಿನಕ್ಕೆ ಒತ್ತಡ ತಾಳುವ ಬಲ ಕನಿಷ್ಠ 3.5 ಮೆಗಾಪ್ಯಾಸ್ಕಲ್. ಯುರೋಪಿನ ಮಾನದಂಡ ಅದಕ್ಕೆ 10ರವರೆಗೆ ಅವಕಾಶ ಕೊಡುತ್ತದೆ, ಎನ್‌ಎಚ್‌ಎಲ್ 5ಕ್ಕೆ 15ರವರೆಗೆ. 'ಸೇತುವೆ ಅಲ್ಲವೇ, 5 ಹಾಕೋಣ' ಎಂಬ ಸಲಹೆ ಬರುತ್ತದೆ, ಒಪ್ಪಬೇಡಿ. ಗಟ್ಟಿ ಸಂದು ಬೇಕಿದ್ದರೆ ಸಿಮೆಂಟು ಬಿಟ್ಟು ಇಲ್ಲಿಗೆ ಬರುವ ಪ್ರಯಾಸವೇ ಬೇಡ.

ಇದು ಗೆಲ್ಲುವ ಜಾಗ ಕಮಾನಿನ ಹೊಟ್ಟೆ. ತಲೆಯ ಮೇಲೆ ಕೈಯೆತ್ತಿ ತುಂಬುವ ಸಂದಿನಲ್ಲಿ ಮುದ್ದೆಯ ಗಾರೆ ತನ್ನ ಭಾರಕ್ಕೇ ಜೋತುಬೀಳುತ್ತದೆ. ಎನ್‌ಎಚ್‌ಎಲ್ ಅದೇ ದಿನ ಕಚ್ಚಿಕೊಳ್ಳುತ್ತದೆ. ಕಾಲುವೆ ಅಥವಾ ರಾಜಕಾಲುವೆಯ ನೀರು ತಾಗುವ ಬುಡದ ಎರಡು ಮೂರು ವರಸೆಗೂ ಇದೇ. ಪಾಲು 1ಕ್ಕೆ 2.5 ಮರಳು, ಸುರ್ಕಿ ಬೇಡ.

ಮೇಸ್ತ್ರಿಗಳು ಎಡವುವುದು ಅಳತೆಯಲ್ಲಿ. ಸಿಮೆಂಟಿನ 50 ಕೆ.ಜಿ. ಚೀಲ ಸುಮಾರು 35 ಲೀಟರ್. ಎನ್‌ಎಚ್‌ಎಲ್ ಹಗುರ, 25 ಕೆ.ಜಿ. ಚೀಲವೇ 35–40 ಲೀಟರ್ ಇರುತ್ತದೆ. ಚೀಲ ಎಣಿಸಿ ಸಿಮೆಂಟಿನ ಲೆಕ್ಕ ಹಾಕಿದರೆ ಗಾರೆ ಹದಗೆಡುತ್ತದೆ. ಬಕೆಟ್ಟಿನಲ್ಲೇ ಅಳೆಯಿರಿ. ಇನ್ನೊಂದು: ಬಿಗಿಯಲು ಶುರುವಾದ ಎನ್‌ಎಚ್‌ಎಲ್ ಗಾರೆಗೆ ಮತ್ತೆ ನೀರು ಹಾಕಿ ಕಲಸಬಾರದು. ಮುದ್ದೆಯ ಗಾರೆಯಲ್ಲಿ ಇದಕ್ಕೆ ತದ್ವಿರುದ್ಧ, ಸುರ್ಕಿ ಸೇರಿಸದ ಮುದ್ದೆ–ಮರಳನ್ನು ಮುಚ್ಚಿಟ್ಟು ವಾರಗಳ ಮೇಲೂ ಮೆತ್ತಗೆ ಮಾಡಿಕೊಳ್ಳಬಹುದು, ಇಟ್ಟಷ್ಟೂ ಹದವಾಗುತ್ತದೆ. ಸುರ್ಕಿ ಬಿದ್ದ ಮೇಲೆ ಅದೂ ಅದೇ ದಿನ ಮುಗಿಯಬೇಕು.

ದುಬಾರಿ ಎನ್ನುವುದು ನಿಜ. ಅದಕ್ಕಿಂತ ದೊಡ್ಡ ಚಿಂತೆ ಹಡಗಿನಲ್ಲಿ, ಗೋದಾಮಿನಲ್ಲಿ ಕಳೆದ ಕಾಲ. ತಯಾರಿಯ ತಿಂಗಳು ಚೀಲದ ಮೇಲೆ ಇರಲೇಬೇಕು. ಕೈಯಿಂದ ಒತ್ತಿದಾಗ ಒಳಗೆ ಗಂಟು ಸಿಕ್ಕಿದ ಚೀಲ ತೇವ ಕಂಡಿದೆ, ಹಿಂದಕ್ಕೆ ಕಳಿಸಿ.

ಸಿದ್ಧ ಮಿಶ್ರಣ

ಚೀಟಿಯ ಮೇಲೆ ಸುಣ್ಣ ಎಂದಿರುತ್ತದೆ, ಒಳಗೆ ಸಿಮೆಂಟು ಅಥವಾ ಪಾಲಿಮರ್ ಎಷ್ಟಿದೆ ಎಂದಿರುವುದಿಲ್ಲ. ಬಿಲ್ಲೆಯಷ್ಟು ತಟ್ಟಿ ರಾತ್ರಿ ಬಿಡಿ, ಬೆಳಿಗ್ಗೆ ಉಗುರಿನಿಂದ ಗೆರೆ ಎಳೆಯಲು ಆಗದಿದ್ದರೆ ಅದು ಸಿಮೆಂಟಿನ ಗಾರೆ. ಸಿಮೆಂಟು ಇಲ್ಲ ಎಂದು ಬಿಲ್ಲಿನ ಮೇಲೆ ಬರೆದುಕೊಡುವವರು ಸಿಕ್ಕರೆ ಮಾತ್ರ ಯೋಚಿಸಬಹುದು.

ಮರಳು, ಅಳತೆ, ಕೆಲಸ

ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ನಡೆಯುತ್ತದೆ, ತೊಳೆದದ್ದಾದರೆ. ತೊಳೆಯದ ಮಾಲಿನಲ್ಲಿರುವ ಕಲ್ಲುಪುಡಿ ಗಾರೆಗೆ ಹೆಚ್ಚು ನೀರು ಬೇಡುತ್ತದೆ, ಒಣಗುವಾಗ ಸಂದಿನ ಅಂಚಿನಲ್ಲಿ ಬಿರುಕು ಬರುತ್ತದೆ. ಅತಿ ದಪ್ಪ ಕಣ ಸಂದಿನ ಅಗಲದ ಮೂರನೇ ಒಂದರಷ್ಟು ಇರಲಿ. 12 ಮಿ.ಮೀ. ಸಂದಿಗೆ 4 ಮಿ.ಮೀ. ಕಣ. ಪ್ಲಾಸ್ಟರಿಗೆ ಮಾರುವ ಪಿ ಸ್ಯಾಂಡ್ ಅಗಲ ಸಂದಿಗೆ ತೀರ ನುಣುಪು, 6–8 ಮಿ.ಮೀ. ಸಂದಿಗೆ ಸರಿ. ಪಾಲು ಎಷ್ಟೆಂಬ ಅನುಮಾನ ಬಂದರೆ ಒಂದು ಲೀಟರ್ ಒಣ ಮರಳಿಗೆ ಮೇಲ್ಮೈ ಮುಟ್ಟುವವರೆಗೆ ನೀರು ಹೊಯ್ದು ಅಳೆಯಿರಿ. ಮೂರನೇ ಒಂದು ಲೀಟರ್ ಹಿಡಿದರೆ ಮರಳಿನ ಖಾಲಿಜಾಗ ಅಷ್ಟು, ಅದನ್ನು ತುಂಬಲು ಬೇಕಾದ ಸುಣ್ಣವೂ ಅಷ್ಟೇ. 1ಕ್ಕೆ 3 ಎಂಬ ಹಳೆ ಪಾಲು ಹುಟ್ಟಿದ್ದು ಹೀಗೆ.

ಲೆಕ್ಕ ಹೀಗೆ ಹಿಡಿಯಬಹುದು. 600ಕ್ಕೆ 300 ಮಿ.ಮೀ. ಸೈಜುಗಲ್ಲಿನ ಗೋಡೆಯಲ್ಲಿ ಒಂದು ಚದರ ಮೀಟರಿಗೆ ಸುಮಾರು 5 ಮೀಟರ್ ಸಂದು. 12 ಮಿ.ಮೀ. ಅಗಲ, 30 ಮಿ.ಮೀ. ಆಳಕ್ಕೆ 1.8 ಲೀಟರ್ ಗಾರೆ, ಚೆಲ್ಲುವುದು ಸೇರಿ 2.25 ಲೀಟರ್. 40 ಚದರ ಮೀಟರಿಗೆ 90 ಲೀಟರ್. ಅಂದರೆ ಮುದ್ದೆ 35, ಸುರ್ಕಿ 35, ಮರಳು 70 ಲೀಟರ್ ತರಿಸಿದರೆ ಕೊರತೆಯಾಗದು. ಒರಟು ಕಲ್ಲಿನ ಗೋಡೆಗೆ ಇದರ ಮೂರು ನಾಲ್ಕು ಪಟ್ಟು ಹಿಡಿಯುತ್ತದೆ.

ರೈಲು ಓಡುವ ಸೇತುವೆಯನ್ನು ರೈಲ್ವೆ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಹಳಿಯ ಜಾಗಕ್ಕೆ ಅಕ್ರಮವಾಗಿ ಕಾಲಿಡುವುದೇ ರೈಲ್ವೆ ಕಾಯ್ದೆಯ 147ನೇ ಕಲಮಿನ ಅಪರಾಧ. ಹಳಿ ಕಿತ್ತ ಸೇತುವೆಯಲ್ಲೂ ನೆತ್ತಿಯ ಬೀಗದ ಕಲ್ಲು ಜಾರಿದ್ದರೆ, ಕಮಾನಿನ ಕಲ್ಲುಗಳ ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದರೆ ಸುಣ್ಣ ಕೊಳ್ಳುವ ಮೊದಲು ಕಟ್ಟಡ ಇಂಜಿನಿಯರರನ್ನು ಕರೆಸಿ. ಸಂದು ತುಂಬುವುದರಿಂದ ಅದು ಸರಿಯಾಗುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ.

ಮೊದಲ ಕೆಲಸ ನೀರುತೂತುಗಳನ್ನು ಬಿಡಿಸುವುದು. ಮಣ್ಣು, ಪ್ಲಾಸ್ಟಿಕ್, ಹಳೆ ಸಿಮೆಂಟು ತುಂಬಿರುತ್ತದೆ. ಕಬ್ಬಿಣದ ಸಲಾಕೆಯಿಂದ ಕೆದಕಿ ನೀರು ಬಿಟ್ಟು ನೋಡಿ. ಇದನ್ನು ಬಿಟ್ಟು ಸಂದು ತುಂಬಿದವರು ಎಷ್ಟೇ ಒಳ್ಳೆಯ ಸುಣ್ಣ ಹಾಕಿದರೂ ಒಂದೇ ಮಳೆಗಾಲದಲ್ಲಿ ಕಳೆದುಕೊಳ್ಳುತ್ತಾರೆ. ಎರಡನೆಯದು ಅರಳಿ, ಆಲದ ಸಸಿ. ಹಕ್ಕಿ ಹಾಕಿದ ಬೀಜದಿಂದ ಸಂದಿನಲ್ಲಿ ಹುಟ್ಟುತ್ತವೆ. ಬೆರಳು ದಪ್ಪದೊಳಗಿನದನ್ನು ಒದ್ದೆ ಮಾಡಿ ಬೇರುಸಮೇತ ಬಿಡಿಸಬಹುದು. ಅದಕ್ಕೂ ದಪ್ಪದ ಬೇರನ್ನು ಎಳೆದರೆ ಕಲ್ಲೂ ಬರುತ್ತದೆ. ಕತ್ತರಿಸಿ, ಆ ಭಾಗದ ಕಲ್ಲು ಬಿಚ್ಚಿ, ಬೇರು ತೆಗೆದು ಮತ್ತೆ ಕೂರಿಸುವುದೇ ದಾರಿ.

ಸಂದನ್ನು ಕೆರೆಯುವುದು ತೆಳು ಉಳಿ, ಸಣ್ಣ ಸುತ್ತಿಗೆಯಿಂದ. ಗ್ರೈಂಡರ್ ಬೇಡ, ಒಮ್ಮೆ ಜಾರಿದರೆ ಕಲ್ಲಿನ ಅಂಚಿನ ಗಾಯ ಶಾಶ್ವತ. ಆಳ ಸಂದಿನ ಅಗಲದ ಎರಡರಷ್ಟು, 25 ಮಿ.ಮೀ.ಗೆ ಕಡಿಮೆ ಇಲ್ಲ. ಕಮಾನಿನಲ್ಲಿ ಒಂದೇ ಬಾರಿ ಎಲ್ಲ ಸಂದು ಬಿಚ್ಚಬೇಡಿ. ಒಂದು ಮೀಟರ್ ಬಿಚ್ಚಿ, ತುಂಬಿ, ಅದು ಬಿಗಿದ ಮೇಲೆ ಪಕ್ಕದ್ದು.

ತೊಳೆಯುವುದು ದೂಳು ಹೋಗಲೆಂದು, ಕಲ್ಲು ನೀರು ಕುಡಿಯಲೆಂದಲ್ಲ. ಗ್ರಾನೈಟಿನ ಮೈಮೇಲೆ ನೀರು ಹೊಳೆಯುತ್ತಿದ್ದರೆ ಗಾರೆ ಹಿಡಿಯುವುದಿಲ್ಲ, ಜಾರುತ್ತದೆ. ತೊಳೆದು, ಹೊಳಪು ಆರಿ, ತಂಪು ಉಳಿದಾಗ ತುಂಬಿ. ಗಾರೆಯೂ ಇಟ್ಟಿಗೆ ಗೋಡೆಗಿಂತ ಗಟ್ಟಿ ಇರಲಿ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ಇಳಿಯಬಾರದು. ಅಂಗೈಗೆ ಒದ್ದೆ ಹತ್ತಬೇಕು, ಮೆತ್ತಿಕೊಳ್ಳಬಾರದು. ಒಂದು ಪದರ 15–20 ಮಿ.ಮೀ.ಗಿಂತ ಹೆಚ್ಚು ಬೇಡ, ಪ್ರತಿ ಪದರವನ್ನೂ ಸಂದಿಗಿಂತ ತೆಳುವಾದ ಕಬ್ಬಿಣದ ಪಟ್ಟಿಯಿಂದ ಒತ್ತಿ ಕೂರಿಸಬೇಕು. 20 ಮಿ.ಮೀ.ಗೆ ಮೀರಿದ ಸಂದಿಗೆ ಅದೇ ಕಲ್ಲಿನ ಚಕ್ಕೆ ಸಿಕ್ಕಿಸಿ, ಗಾರೆ ಕಡಿಮೆ ಇದ್ದಷ್ಟೂ ಕುಗ್ಗುವುದು ಕಡಿಮೆ. ಮೇಲ್ಮೈ ಕಲ್ಲಿನ ಅಂಚಿಗಿಂತ ಎರಡು ಮಿ.ಮೀ. ಒಳಗೆ ನಿಲ್ಲಲಿ. ಕಲ್ಲಿನ ಮೇಲೆ ಹಗ್ಗದಂತೆ ಉಬ್ಬಿದ ಪಟ್ಟಿ ಎಳೆಯುವ ಚಾಳಿ ಬೆಂಗಳೂರಿನಲ್ಲಿ ಬಹಳ. ಅದು ನೀರನ್ನು ತಡೆದು ಸಂದಿನೊಳಕ್ಕೇ ತಿರುಗಿಸುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದ, ಉಗುರಿಗೆ ಮಾತ್ರ ಸಿಗುವ ಹದಕ್ಕೆ ಗಡುಸು ಬ್ರಷ್ಷಿನಿಂದ ತಟ್ಟಿ. ಸಣ್ಣ ಬಿರುಕು ಮುಚ್ಚುತ್ತದೆ, ಮೈ ಒರಟಾಗಿ ಗಾಳಿ ಒಳಹೋಗುತ್ತದೆ.

ಆಮೇಲೆ ಒದ್ದೆ ಗೋಣಿತಾಟು, ಕನಿಷ್ಠ ಏಳು ದಿನ, ಸುರ್ಕಿ ಗಾರೆಗೆ ಎರಡು ವಾರ. ಗೋಣಿ ಗಾರೆಗೆ ಅಂಟದಂತೆ ಒಂದು ಗೇಣು ಮುಂದೆ ಇಳಿಬಿಡಿ. ಪೈಪಿನಿಂದ ನೀರು ಹೊಡೆಯಬಾರದು, ಹನಿಹನಿ ಚಿಮುಕಿಸಬೇಕು. ಕಾಲ ನವೆಂಬರ್ ಕೊನೆಯಿಂದ ಫೆಬ್ರುವರಿ. ಮಾರ್ಚ್ ಬಿಸಿಲು ಮೇಲ್ಮೈಯನ್ನು ಒಂದೇ ಮಧ್ಯಾಹ್ನಕ್ಕೆ ಒಣಗಿಸಿ ಪುಡಿ ಮಾಡುತ್ತದೆ, ಏಪ್ರಿಲ್–ಮೇ ತಿಂಗಳ ಸಂಜೆಮಳೆ ಹಸಿ ಗಾರೆಯನ್ನು ತೊಳೆಯುತ್ತದೆ, ಸೆಪ್ಟೆಂಬರ್ ಮಳೆಗೆ ಯಾವ ಗೋಣಿಯೂ ತಡೆಯಲ್ಲ.

ಮುಂದಿನ ಮಳೆಗಾಲದಲ್ಲಿ ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ ನೋಡಿ. ನೀರು ತೂತುಗಳಿಂದ ಸುರಿಯುತ್ತಿರಬೇಕು, ಸಂದುಗಳು ಬರೀ ತೇವದಿಂದ ಕಪ್ಪಾಗಿರಬೇಕು. ಸಂದಿನಿಂದಲೇ ನೀರು ಹರಿಯುತ್ತಿದ್ದರೆ ಆ ಜಾಗದ ಹಿಂದಿನ ತೂತು ಇನ್ನೂ ಕಟ್ಟಿದೆ. ಬಳಪದಿಂದ ಗುರುತು ಹಾಕಿ, ಗಾರೆ ಮುಟ್ಟಬೇಡಿ, ಮೊದಲು ತೂತು ಬಿಡಿಸಿ.